ಷಟರ್ ತೆರೆದಿದ್ದಾಗ ಕರೆಂಟು ಹೋಯಿತು

ಆ ಕ್ಯಾಮೆರಾಕ್ಕೆ ಎರಡು ಕಣ್ಣು, ಒಂದರ ಮೇಲೊಂದು. ಮೇಲಿನದು ನಾವು ನೋಡಲಿಕ್ಕೆ, ಕೆಳಗಿನದು ಫಿಲ್ಮಿಗೆ ತೋರಿಸಲಿಕ್ಕೆ. ಅದನ್ನು ಕಣ್ಣಿಗೆ ಹಚ್ಚಿಕೊಳ್ಳುವ ಹಾಗಿಲ್ಲ. ಎದೆಯ ಮಟ್ಟಕ್ಕೆ ಹಿಡಿದು, ನೆತ್ತಿಯ ಮುಚ್ಚಳ ತೆರೆದು, ಕಾಳು ತುಂಬುವ ನೆಲದೊಳಗಿನ ಹಗೇವಿಗೆ ಇಣುಕಿದಂತೆ ಕೆಳಗೆ ಇಣುಕಬೇಕು. ಒಳಗಿನ ಚೌಕದ ಗಾಜಿನ ಮೇಲೆ ಎದುರಿನ ಬೀದಿ ಮೂಡುತ್ತದೆ, ಆದರೆ ಎಡಬಲ ಅದಲುಬದಲಾಗಿ. ಬಲದಿಂದ ಬರುವ ಆಟೋ ಗಾಜಿನಲ್ಲಿ ಎಡದಿಂದ ಬರುತ್ತದೆ. ಅದನ್ನು ಚೌಕಟ್ಟಿಗೆ ತರಲು ಹೋಗಿ ಆರಂಭದಲ್ಲಿ ನಾನು ಪ್ರತಿ ಸಲ ತಪ್ಪು ದಿಕ್ಕಿಗೇ ತಿರುಗುತ್ತಿದ್ದೆ. ನಮ್ಮ ಸ್ಟೇಷನ್ ರಸ್ತೆಯ ಆಟೋದವರಿಗೆ ಅದೊಂದು ಸಂಜೆಯ ಮನರಂಜನೆಯಾಗಿತ್ತು.

ಯಾದಗಿರಿಯ ಅದೇ ರಸ್ತೆಯಲ್ಲಿ ನನ್ನ ಸ್ಟುಡಿಯೋ. ಹಗಲು ಪಾಸ್‌ಪೋರ್ಟ್ ಫೋಟೋ, ಸೀಜನ್ನಿನಲ್ಲಿ ಮದುವೆ, ಎಲ್ಲವೂ ಡಿಜಿಟಲ್. ಫಿಲ್ಮ್ ಕ್ಯಾಮೆರಾ ನನ್ನ ಕೈಗೆ ಬಂದದ್ದು ಸುರಪುರದ ಒಂದು ಮದುವೆಯಿಂದ. ಬಹಳ ಕಾಲ ಅಲ್ಲಿ ಸ್ಟುಡಿಯೋ ನಡೆಸಿ ಈಗ ಮನೆಯಲ್ಲಿರುವ ಹಿರಿಯ ಫೋಟೋಗ್ರಾಫರೊಬ್ಬರು ಆ ಮದುವೆಗೆ ಬಂದಿದ್ದರು. ನಾನು ಒಂದೇ ಸಮ ಕ್ಲಿಕ್ಕಿಸುವುದನ್ನು ನೋಡುತ್ತ ಕೂತಿದ್ದವರು, ಊಟದ ಹೊತ್ತಿಗೆ ಪಕ್ಕಕ್ಕೆ ಬಂದು ಕೇಳಿದರು.

"ತಂಗಿ, ನನ್ನ ಹಂತೇಕ ಒಂದ್ ಹಳೀ ಡಬ್ಬಿ ಅದ. ಜರ್ಮನಿದು. ನೀ ಒಯ್ದು ಕೆಲಸಕ್ಕ ಹಚ್ತೀಯೇನ?"

ಮನೆಗೆ ಕರೆದೊಯ್ದು, ಚರ್ಮದ ಪೆಟ್ಟಿಗೆ ತೆರೆದು ಕೈಗಿಟ್ಟರು. ಒಂದು ಷರತ್ತು ಹಾಕಿದರು. "ಹಗಲಿನ ಫೋಟೋ ನಾ ಬೇಕಾದಷ್ಟ ತಗದೀನಿ. ನನ್ನ ಕಾಲದಾಗ ದೀಪ ಹಚ್ಚೋ ಹೊತ್ತಿಗಿ ಬೀದಿ ಅಂದ್ರ ಕತ್ತಲಿ. ಈಗ ನೋಡು, ಹ್ಯಾಂಗ ಝಗಝಗ ಅಂತದ. ಆ ರಾತ್ರಿ ಊರು ಇದರಾಗ ಹ್ಯಾಂಗ ಬರ್ತದ, ನನಗ ನೋಡಬೇಕಾಗ್ಯದ."

ನಾನು ಒಪ್ಪಿಕೊಂಡೆ. ಒಪ್ಪಿಕೊಂಡದ್ದಷ್ಟೇ ಅಲ್ಲ, ಉತ್ಸಾಹದಲ್ಲಿ ಶಹಾಪುರದ ಗ್ರಂಥಾಲಯದ ಮೇಡಂಗೂ ಹೇಳಿಬಿಟ್ಟೆ. ಅವರು ಓದುವ ಕೋಣೆಯ ಉದ್ದನೆಯ ಗೋಡೆಯೊಂದನ್ನು ಖಾಲಿ ಮಾಡಿಸಿ, ಯಾದಗಿರಿ, ಶಹಾಪುರ, ಸುರಪುರ ಮೂರೂ ಊರಿನ ರಾತ್ರಿಯ ಚಿತ್ರಗಳ ಪ್ರದರ್ಶನವೆಂದು ಬಾಗಿಲಿಗೆ ಪೋಸ್ಟರ್ ಹಚ್ಚಿದರು. ಆಗಿನ್ನೂ ನಾನು ಒಂದು ಚಿತ್ರವನ್ನೂ ತೆಗೆದಿರಲಿಲ್ಲ. ಫಿಲ್ಮ್ ಮುಂಬಯಿಯಿಂದ ಕೊರಿಯರಿನಲ್ಲಿ ಬಂದಿತ್ತು, ಊರಿಗೊಂದರಂತೆ ಮೂರೇ ಮೂರು ರೋಲು. ಒಂದರಲ್ಲಿ ಹನ್ನೆರಡು ಚಿತ್ರ. ಅಂಗಡಿಯವನ ಹತ್ತಿರ ಮತ್ತೆ ದಾಸ್ತಾನು ಯಾವಾಗ ಬರುವುದೋ ಅವನಿಗೇ ಗೊತ್ತಿರಲಿಲ್ಲ.

ಮೊದಲ ಸಂಜೆಯೇ ಕ್ಯಾಮೆರಾದ ಕಾಯಿಲೆ ತಿಳಿಯಿತು. ರಾತ್ರಿಯ ಬೆಳಕಿಗೆ ಷಟರ್ ನಿಧಾನವಾಗಿ ತೆರೆದು ಮುಚ್ಚಬೇಕು. ಇದರ ಷಟರ್ ಜೋರು ವೇಗಗಳಲ್ಲಿ ಸರಿಯಾಗಿಯೇ ಇತ್ತು. ನಿಧಾನದ ವೇಗಕ್ಕಿಟ್ಟರೆ ಮಾತ್ರ, ಜಿರ್ರ್ ಎಂದು ಸದ್ದು ಮಾಡಿ ಅರ್ಧದಲ್ಲೇ ನಿದ್ದೆ ಹೋಗುತ್ತಿತ್ತು. ಒಳಗಿನ ಎಣ್ಣೆ ಗಟ್ಟಿಯಾಗಿ ಅಂಟಾಗಿತ್ತು. ಬಿಚ್ಚಿ ತೊಳೆಯುವವರು ಹೈದರಾಬಾದಿನಲ್ಲಿದ್ದರು, ಆದರೆ ತಿಂಗಳುಗಟ್ಟಲೆ ಕಾಯಬೇಕು. ಉಳಿದ ದಾರಿ ಒಂದೇ. ವೇಗದ ಚಕ್ರದಲ್ಲಿ 'ಬಿ' ಎಂಬ ಅಕ್ಷರವಿರುತ್ತದೆ. ಅದಕ್ಕೆ ತಿರುಗಿಸಿದರೆ ಗುಂಡಿ ಒತ್ತಿ ಹಿಡಿದಷ್ಟು ಹೊತ್ತೂ ಷಟರ್ ತೆರೆದೇ ಇರುತ್ತದೆ. ಕ್ಯಾಮೆರಾವನ್ನು ಮುಕ್ಕಾಲಿ ಸ್ಟ್ಯಾಂಡಿಗೆ ಬಿಗಿದು, ಗುಂಡಿಗೆ ಕೈ ತಾಗಿಸದೆ ಒತ್ತುವ ತಂತಿಯ ರಿಲೀಸ್ ಸಿಕ್ಕಿಸಿ, ಬಾಯಲ್ಲಿ ಎಣಿಸುತ್ತ ನಿಂತರಾಯಿತು.

ಹಾಗೆ ಎಣಿಸುವುದರಲ್ಲೂ ಒಂದು ತೊಡಕಿದೆ. ಮಂದ ಬೆಳಕಿನಲ್ಲಿ ಫಿಲ್ಮ್ ಸೋಮಾರಿಯಾಗುತ್ತದೆ. ಬೆಳಕು ಅಳೆಯುವ ಮೀಟರು ಹತ್ತು ಎಂದರೆ ನಾವು ಇಪ್ಪತ್ತು ಎಣಿಸಬೇಕು. ಆ ಹೊತ್ತಿನಲ್ಲಿ ನಿಂತದ್ದು ಉಳಿಯುತ್ತದೆ, ನಡೆದದ್ದು ಅಳಿಸಿಹೋಗುತ್ತದೆ. ಬೀದಿಯ ತುಂಬ ಜನ ಓಡಾಡುತ್ತಿದ್ದರೂ ಚಿತ್ರದಲ್ಲಿ ಬೀದಿ ಖಾಲಿ. ಕಲ್ಲಂಗಡಿ ರಾಶಿಯ ಪಕ್ಕ ಜೋಲುಬಿದ್ದ ಬಲ್ಬುಗಳು, ಸ್ಟೇಷನ್ನಿನ ಮುಂದೆ ಸಾಲಾಗಿ ನಿಂತ ಆಟೋಗಳು, ಕೋಟೆಗುಡ್ಡದ ಕಪ್ಪು ಬೆನ್ನು, ಭೀಮಾ ನದಿಯ ಮೀನು ಮಾರುವ ಹೆಂಗಸರ ಬುಟ್ಟಿಗಳು. ಒಂದೊಂದಕ್ಕೂ ಉಸಿರು ಹಿಡಿದು ಎಣಿಸಿದೆ. ನೋಡುವವರು ತಲೆಗೊಂದು ಸಲಹೆ ಕೊಟ್ಟರು. ಹೆಚ್ಚಿನವರದು ಒಂದೇ ಮಾತು: "ಫೋನಿನಾಗ ಕ್ಷಣದಾಗ ಬರ್ತದಲ್ರೀ ಮೇಡಮ್ಮ, ಇಷ್ಟ್ಯಾಕ ತ್ರಾಸ?"

ಆದರೆ ಕತ್ತಲಲ್ಲಿ ಆ ಗಾಜಿನೊಳಗೆ ಇಣುಕಿದಾಗ ಕಾಣುವ ಬೀದಿ ಬೇರೆಯೇ ಆಗಿತ್ತು. ಅಂಗಡಿಗಳು ಕಪ್ಪು ನೀರಿನ ಮೇಲೆ ತೇಲುವ ದೀಪಗಳಂತಿದ್ದವು. ಅದನ್ನು ಒಂದು ಸಲ ನೋಡಿದ ಮೇಲೆ ಕೈಬಿಡುವ ಮನಸ್ಸಾಗಲಿಲ್ಲ.

ಆ ಮೊದಲ ರೋಲನ್ನು ನಾನೇ ಹಾಳು ಮಾಡಿದೆ. ನಮ್ಮ ಸೀಮೆಯ ಬೇಸಿಗೆಯನ್ನು ಲೆಕ್ಕಕ್ಕೆ ಹಿಡಿಯದೆ ಹೋದೆ. ಡೆವಲಪ್ ಮಾಡುವ ದ್ರಾವಣವನ್ನೇನೋ ಫ್ರಿಜ್ಜಿನ ನೀರಲ್ಲಿ ಕಲಸಿದ್ದೆ. ಕೊನೆಗೆ ತೊಳೆಯಲು ಮಾತ್ರ ಮನೆಯ ಬಚ್ಚಲಿನ ನಲ್ಲಿಗೆ ಹಿಡಿದೆ. ಇಡೀ ದಿನ ಮಾಳಿಗೆಯ ಟ್ಯಾಂಕಿನಲ್ಲಿ ಕಾದ ನೀರು! ಫಿಲ್ಮಿನ ಮೇಲಿನ ತೆಳ್ಳನೆಯ ಪೊರೆ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತು. ಕೋಟೆಗುಡ್ಡ ಸುಕ್ಕು, ಆಟೋ ಸುಕ್ಕು, ಕಲ್ಲಂಗಡಿಯ ಮೇಲೆಲ್ಲ ಹಾವಿನ ಪೊರೆಯಂಥ ಗೆರೆಗಳು. ಹನ್ನೆರಡರಲ್ಲಿ ಒಂದೂ ಉಳಿಯಲಿಲ್ಲ. ನಾನು ಬಚ್ಚಲಲ್ಲೇ ಕುಕ್ಕರಿಸಿ ಕೂತಿದ್ದನ್ನು ಕಂಡು ಅತ್ತೆ ಒಳಗೆ ಬಂದು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರು.

"ಹಪ್ಪಳ ಕರದಂಗ ಆಗ್ಯದಲ್ಲ ಇದು!"

ಅಳು ಬರುವುದರಲ್ಲಿತ್ತು, ನಗು ಬಂತು.

ಎರಡನೆಯ ರೋಲಿಗೆ ಸುರಪುರಕ್ಕೆ ಹೋದೆ. ಅಲ್ಲಿ ಹಿರಿಯ ಫೋಟೋಗ್ರಾಫರು ಪಂಚೆ ಎತ್ತಿ ಕಟ್ಟಿ ನನ್ನ ಜೊತೆಗೇ ಹೊರಟರು. ಅವರು ತೆಗೆದ ಫೋಟೋ ಇಲ್ಲದ ಮನೆ ಆ ಊರಲ್ಲಿ ಅಪರೂಪವಾದ್ದರಿಂದ ಯಾರೂ ನಮ್ಮನ್ನು ಪ್ರಶ್ನಿಸಲಿಲ್ಲ. ಅರಮನೆಯ ಬಾಗಿಲ ಮುಂದಿನ ರಸ್ತೆ, ಏರುಬೀದಿಯ ಹೂವಿನ ಅಂಗಡಿ, ಇಸ್ತ್ರಿ ಪೆಟ್ಟಿಗೆಯ ಕೆಂಡ ಊದುತ್ತಿದ್ದ ಮಡಿವಾಳ, ಎಲ್ಲ ಸರಾಗವಾಗಿ ಸಿಕ್ಕವು. ಈ ಸಲ ಬುದ್ಧಿ ಬಂದಿತ್ತೆಂದು ಭಾವಿಸಿ ಮನೆಯಲ್ಲಿ ಮಂಜುಗಡ್ಡೆ ತರಿಸಿಟ್ಟಿದ್ದೆ. ತಣ್ಣಗಾದಷ್ಟೂ ಒಳ್ಳೆಯದೆಂದು ತೊಳೆಯುವ ನೀರಿಗೆ ಧಾರಾಳವಾಗಿ ಸುರಿದೆ. ಪೊರೆ ಮತ್ತೆ ಅಲ್ಲಲ್ಲಿ ಬಿರಿಯಿತು. ಅರ್ಧದಷ್ಟು ಚಿತ್ರಗಳು ಚೆನ್ನಾಗಿ ಬಂದವು, ಅರ್ಧ ಕೆಟ್ಟವು. ಆ ರಾತ್ರಿ ಒದ್ದೆ ಫಿಲ್ಮನ್ನು ಎದುರಿಗಿಟ್ಟುಕೊಂಡು ಯೋಚಿಸಿದಾಗ ಹೊಳೆಯಿತು. ಫಿಲ್ಮಿಗೆ ಬೇಕಾದದ್ದು ತಂಪಲ್ಲ. ಮೊದಲಿನಿಂದ ಕೊನೆಯವರೆಗೆ ಒಂದೇ ಹದ. ಬಿಸಿಯಿಂದ ತಂಪಿಗೆ, ತಂಪಿನಿಂದ ಬಿಸಿಗೆ ಹಾರಿಸಿದರೆ ಅದು ತಡೆಯುವುದಿಲ್ಲ.

ಯಾದಗಿರಿಯ ಚಿತ್ರಗಳೇ ಇಲ್ಲ, ಸುರಪುರದವು ಅರ್ಧ, ಕೈಯಲ್ಲಿ ಒಂದೇ ರೋಲು. ಪ್ರದರ್ಶನ ಮುಂದಿನ ವಾರ. ಕೊನೆಯ ರೋಲಿನ ಮೊದಲರ್ಧವನ್ನು ಯಾದಗಿರಿಯ ಬೀದಿಗಳಿಗೇ ಮತ್ತೆ ಖರ್ಚು ಮಾಡಿ, ಉಳಿದದ್ದನ್ನು ಇಟ್ಟುಕೊಂಡು ಶಹಾಪುರದ ಬಸ್ಸು ಹತ್ತಿದೆ. ದೋರನಹಳ್ಳಿ ದಾಟುವಾಗ ಪಶ್ಚಿಮದಲ್ಲಿ ಮೋಡ ಕಟ್ಟುತ್ತಿತ್ತು. ಶಹಾಪುರದ ಗುಡ್ಡ, ಮಲಗಿದ ಬುದ್ಧನೆಂದು ಎಲ್ಲರೂ ಕರೆಯುವ ಸಾಲು, ಸಂಜೆಯ ಬೆಳಕಿನಲ್ಲಿ ಅಂಗಾತ ಮಲಗಿತ್ತು.

ನನಗೆ ಬೇಕಾಗಿದ್ದುದು ಬಜಾರದ ಒಂದು ಬೀದಿ, ಉದ್ದಕ್ಕೂ, ಎರಡೂ ಕಡೆಯ ಅಂಗಡಿ ಸಮೇತ. ಮಿರ್ಚಿ ಭಜಿ ಮಾರುವ ಹೆಂಗಸೊಬ್ಬಳ ಗಾಡಿಗಿಂತ ತುಸು ಈಚೆಗೆ ಸ್ಟ್ಯಾಂಡು ಹೂಡಿ ಕ್ಯಾಮೆರಾ ಬಿಗಿದೆ. ಮೀಟರು ಹಿಡಿದು ಬೀದಿಯ ಆ ತುದಿಗೆ ನಡೆದು, ಬೆಳಕು ಅಳೆದು, ಹೆಜ್ಜೆ ಹಾಕುತ್ತ ವಾಪಸು ಬಂದೆ. ಬರುವಷ್ಟರಲ್ಲಿ ಕ್ಯಾಮೆರಾದ ಸುತ್ತ ಅಂಗಡಿಕಾರರು ನೆರೆದಿದ್ದರು. ಯಾರ ಮುಖದಲ್ಲೂ ನಗುವಿರಲಿಲ್ಲ. ಕೆಲವರು ರಸ್ತೆಗೆ ಚಾಚಿದ್ದ ತಮ್ಮ ಸಾಮಾನು ಒಳಗೆಳೆಯುತ್ತಿದ್ದರು. ಮುಂದೆ ನಿಂತವರು ಬಟ್ಟೆ ಅಂಗಡಿಯ ಮಾಲೀಕರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಟೇಪು.

"ಯಾವ ಇಲಾಖೆಯವ್ರು ನೀವು?"

"ಇಲಾಖೆ ಏನಿಲ್ರಿ. ಫೋಟೋ ತೆಗೀಲಿಕ್ಕೆ ಬಂದೀನಿ."

"ಫೋಟೋಕ್ಕ ಮೂರ ಕಾಲಿನ ಡಬ್ಬಿ ಯಾಕ ಬೇಕ್ರಿ? ಆ ತುದೀತನ ಅಳಕೋತ ಹೋದ್ರಿ, ಅಳಕೋತ ಬಂದ್ರಿ, ನಾವೇನ ಕಣ್ಣ ಮುಚ್ಕೊಂಡ ಕುಂತೀವೇನು? ಹೋದ ಸಲ ಹಿಂಗ ಒಂದ್ ಡಬ್ಬಿ ತಂದು ಹೂಡಿದ್ರು. ರಸ್ತಾ ಅಗಲ ಅಂದ್ರು. ನಮ್ಮ ಅಂಗಡಿ ಮುಂದಿನ ಕಟ್ಟಿ ಹೋತು."

"ನಮ್ಮ ಪಾವಟಗಿ ಹೋತು," ಎಂದಿತು ಹಿಂದಿನ ದನಿಯೊಂದು, ಮೆಟ್ಟಿಲುಗಳನ್ನು ನೆನೆದು.

ಯಾರೋ ಸ್ಟ್ಯಾಂಡಿನ ಕಾಲನ್ನು ಹಿಡಿದೇಬಿಟ್ಟರು. ಅದು ಅಲುಗಿದಾಗ ನಾನು ಕ್ಯಾಮೆರಾವನ್ನು ಗಟ್ಟಿಯಾಗಿ ಹಿಡಿದುಕೊಂಡೆ. ವಿವರಿಸಿ ಗೆಲ್ಲುವಂತಿರಲಿಲ್ಲ, ನಾನು ಹೇಳಿದಷ್ಟೂ ಸಂಶಯ ಹೆಚ್ಚುತ್ತಿತ್ತು. ಗಂಟು ಕಟ್ಟಿ ಬಸ್ ನಿಲ್ದಾಣಕ್ಕೆ ಹೋಗಿಬಿಡೋಣವೆಂದೂ ಅನ್ನಿಸಿತು. ಆಮೇಲೆ ಏನು ತೋಚಿತೋ, ಕ್ಯಾಮೆರಾದ ನೆತ್ತಿಯ ಮುಚ್ಚಳ ತೆರೆದು, ಮಾಲೀಕರಿಗೆ ದಾರಿ ಬಿಟ್ಟು ನಿಂತೆ.

"ನೀವೇ ನೋಡ್ರಿ. ಅಳೆಯೋ ಯಂತ್ರ ಇದ್ರೆ ನಾನೇ ತಗೊಂಡು ಹೋಗ್ತೀನಿ."

ಅವರು ಅನುಮಾನದಿಂದಲೇ ಬಗ್ಗಿದರು. ಬಗ್ಗಿದವರು ಏಳಲಿಲ್ಲ. ಹಿಂದಿದ್ದವರು "ಏನದ್ರೀ? ಏನ ಕಾಣ್ತದ?" ಎಂದು ತಳ್ಳಾಡತೊಡಗಿದರು.

"ತಡೀರಲೇ," ಎಂದರು ಅವರು ತಲೆ ಎತ್ತದೆ. ಆಮೇಲೆ ಮೆಲ್ಲಗೆ, "ಇದು ನಮ್ಮ ದುಕಾನ ಅಲ್ಲೇನ್ರಿ?"

"ಹೌದ್ರಿ."

"ಇಷ್ಟ ಚಂದ ಅದ ಏನು?"

ಆ ಪ್ರಶ್ನೆಯ ನಂತರ ಸರತಿ ಸಾಲು ಶುರುವಾಯಿತು. ಬೀದಿಯ ಒಬ್ಬೊಬ್ಬರೂ ಬಂದು ಬಗ್ಗಿ ನೋಡಿದರು. ಎಲ್ಲರೂ ಹುಡುಕಿದ್ದು ಮೊದಲು ತಮ್ಮ ಅಂಗಡಿಯನ್ನು. ಎಡಬಲ ಅದಲುಬದಲಾದ್ದರಿಂದ ಸಿಗದೆ ಕಂಗಾಲಾಗಿ, ಸಿಕ್ಕಾಗ ಒಮ್ಮೆಲೇ ಕೂಗುತ್ತಿದ್ದರು. ಎದುರುಬದುರಿನ ಇಬ್ಬರು ಕಿರಾಣಿ ವ್ಯಾಪಾರಿಗಳು, "ನಿನ್ನ ಅಂಗಡಿ ನನ್ನ ಕಡಿ ಬಂದದ, ಬಾಡಿಗಿ ಕೊಡು" ಎಂದು ಚೇಷ್ಟೆಗೆ ಇಳಿದರು. ಗೋಲಿಸೋಡಾದವನು ತನ್ನ ಬಾಟಲಿಗಳ ಹೊಳಪು ನೋಡಿ, ಓಡಿಹೋಗಿ ಅವನ್ನೆಲ್ಲ ಒರೆಸಿ ಸಾಲಾಗಿ ನಿಲ್ಲಿಸಿ ಬಂದ.

ಮಿರ್ಚಿ ಅಕ್ಕ ಮಾತ್ರ ಗಾಡಿ ಬಿಟ್ಟು ಬರಲಿಲ್ಲ. ನಾನೇ ಹೋಗಿ ಕರೆದೆ.

"ನನ್ನ ಬಿಟ್ಟು ತಕ್ಕೋರೆವ್ವಾ. ನನಗ ಫೋಟೋ ಅಂದ್ರ ಆಗಂಗಿಲ್ಲ. ಆಧಾರ್ ಕಾರ್ಡಿನಾಗ ನೋಡ್ರಿ, ಕುರಿ ಕಳವ ಮಾಡಿ ಸಿಕ್ಕಾಕ್ಕೊಂಡಾಕಿ ಕಂಡಂಗ ಕಾಣ್ತೀನಿ."

"ಇಲ್ಲಿ ನಿಮ್ಮ ಒಲೆಯ ಬೆಳಕೇ ನಿಮ್ಮ ಮುಖದ ಮೇಲೆ ಬೀಳ್ತದೆ. ಅಂಥ ಬೆಳಕು ನಮ್ಮ ಸ್ಟುಡಿಯೋದಲ್ಲೂ ಇಲ್ಲ," ಎಂದೆ. ಸುಳ್ಳಲ್ಲ. "ಆದರೆ ನಾನು ಎಣಿಸೋವರೆಗೂ ಅಲುಗಾಡದೆ ನಿಲ್ಲಬೇಕು."

"ಎಷ್ಟರ ಮಟಾ ಎಣಿಸ್ತೀರಿ?"

"ಮೂವತ್ತು."

"ಅಯ್ಯ! ಅಷ್ಟರಾಗ ಮಿರ್ಚಿ ಇದ್ದಲಾಗ್ತಾವ!" ಎಂದವಳು, ಒಂದು ಕ್ಷಣ ಯೋಚಿಸಿ, ಬಾಣಲೆಯಲ್ಲಿದ್ದುದನ್ನೆಲ್ಲ ಜಾಲರಿಗೆ ಎತ್ತಿ ಹಾಕಿ, ಸೆರಗು ಸರಿ ಮಾಡಿಕೊಂಡು, ಕರಿಯುವ ಝಾರಾ ಸೌಟು ಹಿಡಿದು ನಿಂತೇಬಿಟ್ಟಳು.

ಅಲ್ಲಿಯವರೆಗೆ ನಾನು ಖಾಲಿ ಬೀದಿಗಳನ್ನೇ ತೆಗೆಯುತ್ತಿದ್ದೆ. ಚಲಿಸುವವರು ಅಳಿಸಿಹೋಗುವುದು ಕ್ಯಾಮೆರಾದ ಧರ್ಮವೆಂದು ಒಪ್ಪಿಕೊಂಡಿದ್ದೆ. ಅವಳು ಹಾಗೆ ನಿಂತದ್ದನ್ನು ಕಂಡಾಗ, ಇಡೀ ಬೀದಿಯನ್ನೇ ನಿಲ್ಲಿಸಿದರೆ ಹೇಗೆ ಎನ್ನಿಸಿತು. ಮಾಲೀಕರಿಗೆ ಹೇಳಿದೆ. ಅವರಿಗೆ ಅಷ್ಟೇ ಸಾಕಾಗಿತ್ತು. ಟೇಪನ್ನು ಕೊರಳಿಂದ ತೆಗೆದು ಸೊಂಟಕ್ಕೆ ಸುತ್ತಿಕೊಂಡು ರಸ್ತೆಗೆ ಇಳಿದರು.

"ಏ, ಎಲ್ಲಾರೂ ಅವರವರ ಅಂಗಡಿ ಮುಂದ ನಿಂದರ್ರಿ! ಗಿರಾಕಿನೂ ನಿಂದರ್ರಿ! ಏ ಗಾಡಿಯಪ್ಪಾ, ಅಲ್ಲೇ ಹಚ್ಚು, ಲೈಟ್ ಬಂದ್ ಮಾಡು! ಎಣಿಸೋ ಮಟಾ ಯಾರೂ ಹಂದ್ಯಾಡಬಾರ್ದು!"

ಕೆಲವು ಚಿತ್ರಗಳನ್ನು ಹಾಗೆ ತೆಗೆದೆವು. ನಾನು ರಿಲೀಸ್ ಒತ್ತಿ "ಒಂದು" ಎಂದರೆ ಬೀದಿಯೆಲ್ಲ "ಒಂದ್" ಎನ್ನುತ್ತಿತ್ತು. ಎಣಿಸಿದರೆ ತುಟಿ ಅಲುಗುತ್ತದೆಂದು ನಾನು ಹೇಳಲಿಲ್ಲ. ಅಷ್ಟು ಚೆಂದದ ಕೋರಸ್ಸನ್ನು ನಿಲ್ಲಿಸಲು ಮನಸ್ಸು ಬರಲಿಲ್ಲ. ಈ ನಡುವೆ ಗಾಳಿ ಎದ್ದಿತು. ಅಂಗಡಿಗಳ ಮುಂದಿನ ತಾಡಪಾಲುಗಳು ಪಟಪಟ ಹೊಡೆದುಕೊಂಡವು. ಸ್ಟ್ಯಾಂಡು ಅಲುಗದಂತೆ ನಡುವಿನ ಕೊಕ್ಕೆಗೆ ಅಕ್ಕಿ ತುಂಬಿದ ಚೀಲವೊಂದನ್ನು ಕಿರಾಣಿಯವರಿಂದ ತಂದು ಕಟ್ಟಿದೆ. ಫಿಲ್ಮ್ ತಿರುಗಿಸಿದಾಗ ಹಿಂದಿನ ಕಿಂಡಿಯಲ್ಲಿ ಹನ್ನೆರಡು ಬಂತು. ಕೊನೆಯದು.

ಕೊನೆಯದಕ್ಕೆ ಎಲ್ಲರನ್ನೂ ಸೇರಿಸಿ, ಬೀದಿಯ ಆ ತುದಿಯವರೆಗೂ ಸ್ಪಷ್ಟವಾಗಿ ಬರಲೆಂದು ಲೆನ್ಸಿನ ರಂಧ್ರವನ್ನು ಕಿರಿದು ಮಾಡಿದೆ. ರಿಲೀಸ್ ಒತ್ತಿ, ಒತ್ತಿದ್ದು ಹಾಗೇ ನಿಲ್ಲುವಂತೆ ಅದರ ತಿರುಪು ಬಿಗಿದೆ. ಷಟರ್ ತೆರೆಯಿತು. ಬೀದಿ ಎಣಿಸತೊಡಗಿತು. ಏಳು, ಎಂಟು, ಒಂಬತ್ತು...

ಕರೆಂಟು ಹೋಯಿತು.

ಒಂದು ದೊಡ್ಡ "ಹೋ" ಎದ್ದಿತು. ಬೀದಿಯೂ ಗುಡ್ಡವೂ ಆಕಾಶವೂ ಒಂದೇ ಕಪ್ಪಾದವು. ಕೈ ತಾನಾಗಿ ರಿಲೀಸಿನ ತಿರುಪಿಗೆ ಹೋಗಿತ್ತು. ಸಡಿಲಿಸಿದರೆ ಷಟರ್ ಮುಚ್ಚುತ್ತದೆ, ಅರೆಬೆಳಕು ಬಿದ್ದ ಒಂದು ಮಸುಕು ಚಿತ್ರ ಉಳಿಯುತ್ತದೆ, ಫಿಲ್ಮ್ ಮುಗಿಯುತ್ತದೆ. ಬುದ್ಧಿಯುಳ್ಳವರು ಮಾಡುವುದು ಅದನ್ನೇ. ಆದರೆ ಕತ್ತಲಿನಲ್ಲಿ ಫಿಲ್ಮ್ ಏನನ್ನೂ ಕಾಣುವುದಿಲ್ಲ. ಕಾಣದಿದ್ದರೆ ಕೆಡುವುದೂ ಇಲ್ಲ. ಬೆಳಕು ಬರುವವರೆಗೆ ಅದು ಕಾಯಬಲ್ಲದು. ಯಾವ ಬೆಳಕಾದರೇನು? ತಿರುಪಿನಿಂದ ಕೈ ತೆಗೆದೆ.

"ಯಾರೂ ಹೋಗಬ್ಯಾಡ್ರಿ!" ಎಂದು ಕೂಗಿದೆ. ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. "ಫೋಟೋ ಇನ್ನೂ ಮುಗಿದಿಲ್ಲ! ನಿಂತಲ್ಲೇ ನಿಲ್ಲಿ! ನಿಮ್ಮ ಹತ್ತಿರ ಏನು ಬೆಳಕಿದೆಯೋ ಅದನ್ನು ಹಚ್ಚಿ. ನಿಮ್ಮ ಮುಖಕ್ಕೆ, ನಿಮ್ಮ ಅಂಗಡಿಗೆ ಹಿಡೀರಿ. ಕ್ಯಾಮೆರಾದ ಕಡೆ ಬಿಡಬೇಡಿ!"

ಕತ್ತಲಲ್ಲಿ ಮಾಲೀಕರ ದನಿ ಕೇಳಿತು. "ಕೇಳಿದ್ರಿಲ್ಲೋ? ಹಚ್ಚರ್ರಿ!"

ಮೊದಲು, ಗಾಳಿಗೆ ಕುಗ್ಗಿದ್ದ ಮಿರ್ಚಿ ಅಕ್ಕನ ಒಲೆ ಭುಗ್ಗೆಂದಿತು. ಆಮೇಲೆ ಒಂದು ಫೋನು, ಇನ್ನೊಂದು ಫೋನು. ಸೋಡಾದವನು ಬಾಟಲಿಗಳ ಹಿಂದೆ ಬ್ಯಾಟರಿ ದೀಪ ಇಟ್ಟ. ಹಸಿರು ಬೆಳಕು ಚೆಲ್ಲಿತು. ಯಾರೋ ಊದಿನಕಡ್ಡಿಯ ಕಟ್ಟನ್ನೇ ಹಚ್ಚಿದರು. ಚಾದಂಗಡಿಯಲ್ಲಿ ಮೇಣದ ಬತ್ತಿಗಳು. ಇನ್ವರ್ಟರಿದ್ದ ಒಂದೆರಡು ಅಂಗಡಿಗಳಲ್ಲಿ ಸಣ್ಣ ದೀಪ. ಮಾಲೀಕರು ಫೋನಿನ ಬೆಳಕು ಹಿಡಿದು ಬೀದಿಯ ಈ ತುದಿಯಿಂದ ಆ ತುದಿಗೆ ಓಡುತ್ತಿದ್ದರು. ಹಚ್ಚದವರಿಗೆ ಹಚ್ಚಿಸಿದರು, ಗಾಳಿಗೆ ಬತ್ತಿ ಆರಿದರೆ ಕೈ ಅಡ್ಡ ಹಿಡಿದರು, "ಕ್ಯಾಮೆರಾ ಕಡಿ ಬ್ಯಾಟರಿ ಬಿಡಬ್ಯಾಡ್ರಲೇ" ಎಂದು ಬೈಯುತ್ತ ತಾವೇ ಬಿಡುತ್ತಿದ್ದರು.

ಈ ಬೆಳಕಿಗೆ ಎಷ್ಟು ಹೊತ್ತು ಬೇಕೆಂದು ಯಾವ ಮೀಟರೂ ಹೇಳಲಾರದಾಗಿತ್ತು. ಅಂದಾಜಿನ ಮೇಲೆ, "ಮತ್ತೆ ಒಂದರಿಂದ" ಎಂದೆ. ನೂರರವರೆಗೆ ಹೋದೆವು. ನಡುವೆ ಅಡ್ಡರಸ್ತೆಯಿಂದ ಲಾರಿಯೊಂದು ತಿರುಗಿ ಅದರ ದೀಪ ನೇರ ನಮ್ಮತ್ತ ಬಂತು. ಲೆನ್ಸಿಗೆ ತಾಗದಂತೆ ಅಂಗೈ ಅಡ್ಡ ಹಿಡಿದೆ. "ಎಣಿಸೂದು ನಿಂದರಸ್ರಿ!" ಎಂದು ಯಾರೋ ಕೂಗಿದರು. ಬೀದಿ ನಲವತ್ತಾರರಲ್ಲಿ ನಿಂತು, ಲಾರಿ ಹೋದ ಮೇಲೆ ನಲವತ್ತೇಳಕ್ಕೆ ಹೊರಟಿತು. ಆ ಶಿಸ್ತು ನೆನೆದರೆ ಈಗಲೂ ಖುಷಿಯಾಗುತ್ತದೆ.

ನೂರು ಎಂದಾಗ ತಿರುಪು ಸಡಿಲಿಸಿದೆ. ಷಟರ್ ಚಿಟ್ ಎಂದು ಮುಚ್ಚಿತು. ಬೀದಿಯಲ್ಲಿ ಸಿಳ್ಳೆ, ಚಪ್ಪಾಳೆ. ಬಹಳ ಹೊತ್ತಿನ ಮೇಲೆ ಕರೆಂಟು ಬಂದಾಗ ಯಾರಿಗೂ ಅದರ ಕಡೆ ಅಷ್ಟು ಗಮನವಿರಲಿಲ್ಲ. ಮಿರ್ಚಿ ಅಕ್ಕ ಕಾಗದದಲ್ಲಿ ಬಿಸಿ ಭಜಿ ಸುತ್ತಿಕೊಟ್ಟು, "ಕಳ್ಳಿ ಆಗಿ ಬಂದಿದ್ರ ಹೇಳಬ್ಯಾಡ್ರಿ ನನಗ" ಎಂದಳು.

ಎಲ್ಲರೂ ನಗುನಗುತ್ತ ಕಳಿಸಿಕೊಟ್ಟರು. ಬಸ್ಸಿನಲ್ಲಿ ಮಾತ್ರ ನಾನು ಕ್ಯಾಮೆರಾವನ್ನು ಅವುಚಿಕೊಂಡೇ ಕೂತೆ. ಒಂದು ಇಡೀ ಬೀದಿಯ ಜನ ನನ್ನ ಮಾತು ನಂಬಿ ಕತ್ತಲಲ್ಲಿ ನಿಂತಿದ್ದರು. ಆ ಚಿತ್ರ ಮಡಿಲಲ್ಲಿದ್ದ ಡಬ್ಬಿಯೊಳಗೆ ಇತ್ತು ಅಥವಾ ಇರಲಿಲ್ಲ. ಇದ್ದರೂ ಅದನ್ನು ಹಪ್ಪಳ ಮಾಡಿಬಿಡುವ ಶಕ್ತಿ ನನ್ನ ಬಚ್ಚಲಿಗಿತ್ತು.

ಈ ಸಲ ಅವಸರ ಮಾಡಲಿಲ್ಲ. ಎರಡು ದೊಡ್ಡ ಮಣ್ಣಿನ ಕೊಡಗಳಿಗೆ ನೀರು ತುಂಬಿ, ಒದ್ದೆ ಗೋಣಿ ಸುತ್ತಿ, ಗಾಳಿ ಆಡುವ ಪಡಸಾಲೆಯಲ್ಲಿಟ್ಟು ಒಂದಿಡೀ ದಿನ ಬಿಟ್ಟೆ. ದ್ರಾವಣದ ಬಾಟಲಿಗಳನ್ನೂ ಅದೇ ನೀರು ತುಂಬಿದ ಬೋಗುಣಿಯಲ್ಲಿ ಮುಳುಗಿಸಿಟ್ಟೆ. ಮುಟ್ಟಿದವರ ಕೈ ಮುರಿಯುತ್ತೇನೆಂದು ಮನೆಯವರಿಗೆಲ್ಲ ಹೇಳಿ ಅತ್ತೆಯೇ ಕಾವಲು ಕೂತರು. ಥರ್ಮಾಮೀಟರ್ ಇಳಿಸಿದಾಗ ಕೊಡದ ನೀರು, ದ್ರಾವಣಗಳು, ಎಲ್ಲವೂ ಇಪ್ಪತ್ತನಾಲ್ಕರ ಆಸುಪಾಸಿನಲ್ಲಿದ್ದವು. ಪುಸ್ತಕದ ಲೆಕ್ಕಕ್ಕಿಂತ ತುಸು ಬೆಚ್ಚಗೆ. ಇರಲಿ, ಅದಕ್ಕೆ ತಕ್ಕಂತೆ ಹೊತ್ತು ಕಡಿಮೆ ಮಾಡಿದರಾಯಿತು. ಹದ ಒಂದೇ ಇದೆಯಲ್ಲ, ಅದು ಮುಖ್ಯ.

ಬೆಳಕು ನುಸುಳದ ಕಪ್ಪು ಚೀಲದೊಳಗೆ ಕೈ ತೂರಿಸಿ ಫಿಲ್ಮನ್ನು ಸುರುಳಿಗೆ ಏರಿಸುವಾಗ ಬೆವರಿಗೆ ಅದು ಬೆರಳಿಗಂಟಿತು. ನಿಲ್ಲಿಸಿದೆ. ಚೀಲದಲ್ಲೇ ಕೈ ಇಟ್ಟುಕೊಂಡು ಫ್ಯಾನಿನ ಕೆಳಗೆ ಕೂತೆ. ಬೆರಳು ಒಣಗಿದ ಮೇಲೆ ಮುಂದುವರಿಸಿದೆ. ಆಮೇಲೆ ಡೆವಲಪ್ ಮಾಡುವ ಡಬ್ಬಿ ಮುಚ್ಚಿ, ದ್ರಾವಣ ಸುರಿದು, ಮೆಲ್ಲಗೆ ಮಗುಚುತ್ತ, ನಿಲ್ಲಿಸುತ್ತ, ಮತ್ತೆ ಮಗುಚುತ್ತ ಹೋದೆ. ತೊಳೆಯುವಾಗ ಅತ್ತೆ ಚೊಂಬಿನಲ್ಲಿ ಕೊಡದ ನೀರು ಸಣ್ಣಗೆ ಹನಿಸಿದರು.

"ಬಾಣಂತನದ ಕೂಸಿಗೂ ಇಷ್ಟ ನಾಜೂಕಲೇ ಎರದಿಲ್ಲ ನಾ," ಎಂದರು.

ಸುರುಳಿ ಬಿಚ್ಚಿ ಕಿಟಕಿಗೆ ಹಿಡಿದೆ. ಪೊರೆ ಗಾಜಿನಂತೆ ನುಣುಪಾಗಿತ್ತು. ಕೊನೆಯ ಚೌಕವನ್ನು ಕಣ್ಣಿಗೆ ಹತ್ತಿರ ತಂದೆ. ನೆಗೆಟಿವಿನಲ್ಲಿ ಎಲ್ಲ ತಿರುಗುಮುರುಗು, ಬೆಳಕೆಲ್ಲ ಕಪ್ಪು, ಆದರೂ ಗೊತ್ತಾಯಿತು. ಬೀದಿ ಇತ್ತು. ಆ ತುದಿಯವರೆಗೂ ಇತ್ತು. ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಬಂದರು.

ಎನ್ಲಾರ್ಜರ್ ನನ್ನ ಬಳಿ ಇಲ್ಲ. ನೆಗೆಟಿವನ್ನು ಬೆಳಕಿನ ಹಲಗೆಯ ಮೇಲಿಟ್ಟು ಡಿಜಿಟಲ್ ಕ್ಯಾಮೆರಾದಿಂದ ಹಿಡಿದು, ಮದುವೆ ಬ್ಯಾನರಿನಷ್ಟು ದೊಡ್ಡದಾಗಿ ಮುದ್ರಿಸಿದೆ. ಕರೆಂಟಿನ ಬೆಳಕಿನ ಬೀದಿ ಮೊದಲು ಮಂದವಾಗಿ ಬಿದ್ದಿತ್ತು. ಅದರ ಮೇಲೆ ಒಂದೊಂದು ಅಂಗಡಿಯೂ ತನ್ನದೇ ಬೆಳಕಿನಲ್ಲಿ ಎರಡನೆಯ ಸಲ ಮೂಡಿತ್ತು. ಕೆಲವರಿಗೆ ಎರಡು ತಲೆ, ಕೆಲವರ ಮೈ ಪಾರದರ್ಶಕ. ಮಿರ್ಚಿ ಅಕ್ಕ ಒಲೆಯ ಬೆಳಕಿನಲ್ಲಿ ಕಡೆದು ನಿಲ್ಲಿಸಿದಂತೆ ನಿಂತಿದ್ದಳು. ನೋಡುತ್ತ ನೋಡುತ್ತ ನನಗೊಂದು ವಿಷಯ ಗಮನಕ್ಕೆ ಬಂತು. ಬಟ್ಟೆ ಅಂಗಡಿಯ ಮಾಲೀಕರು ಎಲ್ಲೂ ಇರಲಿಲ್ಲ. ಭೂತಗನ್ನಡಿ ಹಿಡಿದು ಹುಡುಕಿದೆ. ಇಡೀ ಬೀದಿಯನ್ನು ನಿಲ್ಲಿಸಿದ ಮನುಷ್ಯ ತಾನು ಒಂದು ಕ್ಷಣವೂ ನಿಂತಿರಲಿಲ್ಲ. ಫಿಲ್ಮ್ ಅವರನ್ನು ಅಳಿಸಿಬಿಟ್ಟಿತ್ತು.

ಪ್ರದರ್ಶನದ ಸಂಜೆ ಅವರಿಗೆ ಇದನ್ನು ಹೇಗೆ ಹೇಳುವುದೆಂಬ ಅಳುಕು ನನ್ನೊಳಗೆ ಕೂತೇ ಇತ್ತು. ಗ್ರಂಥಾಲಯದ ಬಾಗಿಲ ಹೊರಗೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಸುರಪುರದ ಹಿರಿಯರು ಎಲ್ಲರಿಗಿಂತ ಮುಂಚೆ ಬಂದು, ಚಿತ್ರಗಳ ಮುಂದೆ ಒಂದೊಂದಾಗಿ ನಿಂತು, ನನ್ನ ತಲೆಯ ಮೇಲೆ ಕೈ ಇಟ್ಟು ಕುರ್ಚಿಯಲ್ಲಿ ಕೂತರು. ಮಿರ್ಚಿ ಅಕ್ಕ ಗಾಡಿಯನ್ನು ತಂಗಿಗೆ ಒಪ್ಪಿಸಿ ಬಂದಿದ್ದಳು. ತನ್ನನ್ನು ತಾನು ದಿಟ್ಟಿಸಿ ನೋಡಿ, "ಹೌದಲ್ಲ, ಚಲೋ ಮನಿತನದಾಕಿ ಕಂಡಂಗೇ ಕಾಣ್ತೀನಲ್ಲ!" ಎಂದು ಬಾಯಿಗೆ ಸೆರಗು ಹಚ್ಚಿ ನಕ್ಕಳು.

ಮಾಲೀಕರು ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಹೆಂಡತಿಯನ್ನೂ ಕರೆದುಕೊಂಡು ಬಂದರು. ನೇರ ದೊಡ್ಡ ಚಿತ್ರದ ಮುಂದೆ ಹೋಗಿ ನಿಂತರು. ಅವರ ಅಂಗಡಿ ಕಂಡಿತು. ನೌಕರರು ಕಂಡರು. ಅವರ ಕಣ್ಣು ಮತ್ತೆ ಮತ್ತೆ ಅಲ್ಲೇ ಸುತ್ತಿ ನನ್ನ ಕಡೆ ತಿರುಗಿತು.

"ಮೇಡಮ್ಮ, ನಾ ಎಲ್ಲಿ ಅದೀನಿ?"

ನಾನು ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಿಂತವರಷ್ಟೇ ಉಳಿಯುತ್ತಾರೆ, ನೀವು ಓಡಾಡುತ್ತಲೇ ಇದ್ದಿರಿ, ಅದಕ್ಕೇ ಬಂದಿಲ್ಲ ಎಂದೆ. ಅವರ ಮುಖ ಇಳಿಯಿತು. ಹೆಂಡತಿ, "ಮನ್ಯಾಗೂ ಹಂಗ ನೋಡ್ರಿ, ಒಂದ ಕಡಿ ನಿಂದ್ರಂಗಿಲ್ಲ" ಎಂದು ನಕ್ಕರು. ಮಾಲೀಕರು ನಗಲಿಲ್ಲ. ನಾನು ಚಿತ್ರದ ನಡುವಿದ್ದ ಬೆಳಕಿನ ಗೆರೆಯೊಂದಕ್ಕೆ ಬೆರಳಿಟ್ಟೆ.

"ಇದು ನಿಮ್ಮ ಕೈಯಲ್ಲಿದ್ದ ಫೋನಿನ ಬೆಳಕು. ನೀವು ಬಂದಿಲ್ಲ, ಇದು ಬಂದಿದೆ."

ಅವರು ಕನ್ನಡಕ ಏರಿಸಿ ಬಗ್ಗಿದರು. ಗೆರೆ ಅವರ ಅಂಗಡಿಯ ಮೆಟ್ಟಿಲಿಂದ ಹೊರಟು, ಚಾದಂಗಡಿಯ ಮುಂದೆ ಸುಳಿ ಸುತ್ತಿ, ರಸ್ತೆ ದಾಟಿ, ಸೋಡಾ ಬಾಟಲಿಗಳ ಮೇಲೆ ಹಾದು, ಬೀದಿಯ ಆ ತುದಿಯ ಕತ್ತಲಲ್ಲಿ ಎಳೆಯಂತೆ ಸಣ್ಣಗಾಗಿ, ಮತ್ತೆ ದಪ್ಪಗಾಗುತ್ತ ಮರಳಿ ಬಂದಿತ್ತು. ಅವರ ಬೆರಳು ಅದರ ಮೇಲೆ ಮೆಲ್ಲಗೆ ಹೊರಟಿತು.

"ಇಲ್ಲಿ ಹೊಳ್ಳೀನಿ... ಇಲ್ಲಿ ಬತ್ತಿ ಆರಿತ್ತು, ಕೈ ಅಡ್ಡ ಹಿಡದೀನಿ... ಇಲ್ಲಿ ಎಡವೀನಿ ನೋಡ್ರಿ, ಗೆರಿ ಹ್ಯಾಂಗ ಜಿಗದದ!" ಅವರ ದನಿ ಏರುತ್ತ ಹೋಯಿತು.

ತುದಿಯವರೆಗೂ ಹೋಗಿ ಬಂದ ಬೆರಳನ್ನು ಎತ್ತಿ, ನೆಟ್ಟಗೆ ನಿಂತು, ಹೆಂಡತಿಯ ಕಡೆ ತಿರುಗಿದರು.

"ಉಳಿದ ಮಂದಿ ಎಲ್ಲಾ ತಮ್ಮ ತಮ್ಮ ಅಂಗಡಿ ಮುಂದ ಅದಾರ. ಬಜಾರ ತುಂಬ ಇರಾಂವ ನಾ ಒಬ್ಬನ."

ಆ ಸಂಜೆ ಗ್ರಂಥಾಲಯದ ಬಾಗಿಲು ಹಾಕುವವರೆಗೂ ಅವರು ಆ ಚಿತ್ರದ ಪಕ್ಕದಿಂದ ಕದಲಲಿಲ್ಲ. ಬಂದವರನ್ನೆಲ್ಲ ತೋಳು ಹಿಡಿದು ನಿಲ್ಲಿಸಿ, ಗೆರೆಯ ಮೊದಲಿಂದ ಬೆರಳಾಡಿಸುತ್ತ ಹೇಳುತ್ತಿದ್ದರು, "ಇದು ನಾನ ನೋಡ್ರಿ. ಇಲ್ಲಿಂದ ಹೊಂಟೀನಿ."